ಮಲಗಿದ ಕಂಪ್ಯೂಟರ್ ಏಳದಿದ್ದರೆ: ಫಾರ್ಮ್ಯಾಟ್ ಮಾಡಿಸುವ ಮುಂಚೆ ನೋಡಬೇಕಾದದ್ದು

(ಬಾಗಲಕೋಟೆಯ ನವನಗರದಲ್ಲಿ, ಅಂಗಡಿ ಮತ್ತು ಕಚೇರಿಗಳಲ್ಲಿ ಕಂಪ್ಯೂಟರ್ ಬಳಸುವವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಬಂದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಝೆರಾಕ್ಸ್, ಡಿಟಿಪಿ ಅಂಗಡಿಯವರಿದ್ದೀರಿ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವರಿದ್ದೀರಿ. ಶಾಲೆಯ ಶಿಕ್ಷಕರಿದ್ದೀರಿ. ಮುಧೋಳದ ಕಡೆಯಿಂದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕದ ಲೆಕ್ಕ ಬರೆಯುವವರೂ ಬಂದಿದ್ದೀರಿ. ನಿಮ್ಮ ಕೆಲಸ ಬೇರೆ ಬೇರೆ, ಆದರೆ ನಾನು ಕೇಳುವ ದೂರು ಹೆಚ್ಚುಕಡಿಮೆ ಒಂದೇ. "ಊಟಕ್ಕ ಹೋಗಿ ಬಂದೆ ನೋಡ್ರಿ, ಸ್ಕ್ರೀನ್ ಕರ್ರಗ ಆಗಿತ್ತು. ಮೌಸ್ ಅಲುಗಾಡಿಸಿದೆ, ಏನೂ ಬರಲಿಲ್ಲ. ಬಟನ್ ಒತ್ತಿ ಹಿಡಿದು ಬಂದ್ ಮಾಡಿ ಮತ್ತ ಚಾಲೂ ಮಾಡಿದೆ. ಬರೆದದ್ದೆಲ್ಲಾ ಹೋಗಿತ್ರಿ."

ಮುಂದೆ ಆಗುವುದೂ ಒಂದೇ. ಯಂತ್ರವನ್ನು ರಿಪೇರಿಗೆ ಒಯ್ಯುತ್ತೀರಿ. "ವಿಂಡೋಸ್ ಕರಪ್ಟ್ ಆಗೈತಿ, ಫಾರ್ಮ್ಯಾಟ್ ಹೊಡೀಬೇಕು" ಎಂಬ ಮಾತು ಬರುತ್ತದೆ. ಹೊಡೆಸುತ್ತೀರಿ. ನುಡಿಯಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತ, ಟ್ಯಾಲಿ ಲೆಕ್ಕ, ಪ್ರಿಂಟರ್ ಸೆಟ್ಟಿಂಗ್ ಎಲ್ಲದಕ್ಕೂ ಮತ್ತೆ ಒದ್ದಾಟ. ಸ್ವಲ್ಪ ದಿನಕ್ಕೆ ಅದೇ ಕಪ್ಪು ಸ್ಕ್ರೀನ್ ವಾಪಸ್ ಬರುತ್ತದೆ. ಯಾಕೆ ಅಂದರೆ, ಮೊದಲ ಸಲ ಯಾಕೆ ಕೆಟ್ಟಿತ್ತು ಎಂದು ಯಾರೂ ನೋಡಿರಲೇ ಇಲ್ಲ.

ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ. ಕಂಪ್ಯೂಟರ್ ಎಲ್ಲಿ ನಿಂತಿತು ಎಂದು ಮೊದಲು ಪತ್ತೆ ಮಾಡಿ. ಮಲಗಲು ಹೋಗುವಾಗ ನಿಂತಿತಾ, ಮಲಗಿದ್ದಾಗ ಸತ್ತಿತಾ, ಏಳುವಾಗ ಬಿದ್ದಿತಾ? ಮೂರಕ್ಕೂ ಕಾರಣ ಬೇರೆ, ಮಾಡಬೇಕಾದ ಕೆಲಸವೂ ಬೇರೆ. ಇದನ್ನು ಪತ್ತೆ ಮಾಡಲು ದುಡ್ಡು ಬೇಡ, ಇಂಜಿನಿಯರಿಂಗ್ ಓದಿರಬೇಕಿಲ್ಲ. ಕಂಪ್ಯೂಟರೇ ಬರೆದಿಟ್ಟಿರುತ್ತದೆ. ಅದನ್ನು ಓದುವುದು ಹೇಗೆ ಎಂದು ತೋರಿಸುತ್ತೇನೆ.

ಒಳಗೆ ಏನು ನಡೆಯುತ್ತದೆ

ಸ್ಲೀಪ್ ಕೊಟ್ಟಾಗ ಪ್ರೊಸೆಸರ್, ಡಿಸ್ಕ್, ಫ್ಯಾನ್, ಸ್ಕ್ರೀನ್ ಎಲ್ಲ ನಿಲ್ಲುತ್ತವೆ. ರ‍್ಯಾಮ್‌ಗೆ ಮಾತ್ರ ಸ್ವಲ್ಪ ಕರೆಂಟ್ ಹೋಗುತ್ತಲೇ ಇರುತ್ತದೆ. ನೀವು ತೆರೆದಿಟ್ಟ ಪತ್ರ, ಅರ್ಧ ತುಂಬಿದ ಅರ್ಜಿ ಎಲ್ಲವೂ ಆ ರ‍್ಯಾಮ್‌ನಲ್ಲೇ ಇರುತ್ತವೆ. ರ‍್ಯಾಮ್ ಅಂದರೆ ಕೋಟಿಗಟ್ಟಲೆ ಪುಟ್ಟ ಕೆಪಾಸಿಟರ್‌ಗಳು. ಅವುಗಳ ಚಾರ್ಜ್ ಸೋರುತ್ತಾ ಹೋಗುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬಬೇಕು. ಕಂಪ್ಯೂಟರ್ ಮಲಗಿದ್ದರೂ ಈ ಕೆಲಸ ನಿಲ್ಲುವಂತಿಲ್ಲ. ಕರೆಂಟ್ ಕಡಿದರೆ ಅಲ್ಲಿದ್ದದ್ದೆಲ್ಲ ಹೋಯಿತು.

ಹೈಬರ್ನೇಟ್ ಹಾಗಲ್ಲ. ಅದು ರ‍್ಯಾಮ್‌ನಲ್ಲಿ ಇದ್ದದ್ದನ್ನು ಡಿಸ್ಕಿಗೆ ಬರೆದಿಟ್ಟು, ಆಮೇಲೆ ಪೂರ್ತಿ ಬಂದ್ ಆಗುತ್ತದೆ. ಪ್ಲಗ್ ಕಿತ್ತರೂ ಏನೂ ಆಗುವುದಿಲ್ಲ. ಸಿ ಡ್ರೈವಿನಲ್ಲಿ ಹೈಬರ್‌ಫಿಲ್ ಡಾಟ್ ಸಿಸ್ ಎಂಬ ಕಣ್ಣಿಗೆ ಕಾಣದ ಫೈಲ್ ಇದೆ. ಬರೆಯುವುದು ಅದರೊಳಗೆ. ವಿಂಡೋಸ್ 10, 11ರಲ್ಲಿ ಅದರ ಗಾತ್ರ ಸಾಮಾನ್ಯವಾಗಿ ರ‍್ಯಾಮ್‌ನ 40%. ಅಂದರೆ 8 ಜಿಬಿ ರ‍್ಯಾಮ್ ಇದ್ದರೆ 3.2 ಜಿಬಿ. ಜಾಗ ಉಳಿಸಲು ಇದನ್ನು ತೆಗೆಸಿದವರು ಇಲ್ಲೂ ಇರಬಹುದು. ತೆಗೆದರೆ ಹೈಬರ್ನೇಟ್ ಹೋಗುತ್ತದೆ, ಜೊತೆಗೆ ಇನ್ನೂ ಒಂದೆರಡು ಅನುಕೂಲ ಹೋಗುತ್ತವೆ. ಅದನ್ನು ಮುಂದೆ ಹೇಳುತ್ತೇನೆ.

ಈ ಮಲಗುವ ಏಳುವ ಕಟ್ಟುಪಾಡಿಗೆ ಎಸಿಪಿಐ ಅನ್ನುತ್ತಾರೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ 1996ರ ಡಿಸೆಂಬರ್‌ನಲ್ಲಿ ಹೊರತಂದದ್ದು. ಅದರ ಲೆಕ್ಕದಲ್ಲಿ ನಾನು ಹೇಳಿದ ಸ್ಲೀಪ್‌ಗೆ ಎಸ್3 ಎಂದು ಹೆಸರು, ಹೈಬರ್ನೇಟ್‌ಗೆ ಎಸ್4. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಸ್ಕ್ರೀನಿನ ಮೇಲೆ ಕಾಣುತ್ತವೆ.

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೂರನೆಯದೊಂದು ಬಂದಿದೆ, ಮಾಡರ್ನ್ ಸ್ಟ್ಯಾಂಡ್‌ಬೈ. 2012ರಲ್ಲಿ ವಿಂಡೋಸ್ 8ರ ಜೊತೆ ಬೇರೆ ಹೆಸರಿನಲ್ಲಿ ಶುರುವಾಯಿತು. ಇದರಲ್ಲಿ ಲ್ಯಾಪ್‌ಟಾಪ್ ನಿಜವಾಗಿ ಮಲಗುವುದೇ ಇಲ್ಲ. ಸ್ಕ್ರೀನ್ ಆರಿಸಿಕೊಂಡು, ಸದ್ದಿಲ್ಲದೆ ಎಚ್ಚರವಾಗಿ ಇರುತ್ತದೆ, ಮೊಬೈಲಿನಂತೆ. ಇಂಥ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಎಸ್3 ಇರುವುದೇ ಇಲ್ಲ.

ನಿಮ್ಮದು ಯಾವುದು? ಸ್ಟಾರ್ಟ್‌ನಲ್ಲಿ ಹುಡುಕಿ ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಪವರ್ ಎಂದು ಟೈಪ್ ಮಾಡಿ, ಅದಕ್ಕೇ ಅಂಟಿಸಿ ಸಿಎಫ್‌ಜಿ ಎಂಬ ಮೂರು ಅಕ್ಷರ. ಒಂದು ಜಾಗ ಬಿಟ್ಟು ಸ್ಲ್ಯಾಶ್ ಎ. ಎಂಟರ್ ಒತ್ತಿ. ಈ ಯಂತ್ರದಲ್ಲಿ ಯಾವ ಯಾವ ಸ್ಲೀಪ್ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಯಾಕೆ ಸಿಗುವುದಿಲ್ಲ ಎಂದು ಅದೇ ಹೇಳುತ್ತದೆ. ಆ ಯಾಕೆ ಬಹಳ ಮುಖ್ಯ. ಫಾರ್ಮ್ಯಾಟ್ ಆದ ಮೇಲೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಮೆನುವಿನಿಂದ ಸ್ಲೀಪ್ ಎಂಬ ಆಯ್ಕೆಯೇ ಮಾಯವಾಗಿರುತ್ತದೆ. ಈ ಕಮಾಂಡ್ ಕೊಟ್ಟು ನೋಡಿದರೆ, ಗ್ರಾಫಿಕ್ಸ್ ಕಾರಣದಿಂದ ಸ್ಲೀಪ್ ನಿಂತಿದೆ ಎಂದು ಬರೆದಿರುತ್ತದೆ. ಅಂದರೆ ಫಾರ್ಮ್ಯಾಟ್ ಮಾಡಿದವರು ಸರಿಯಾದ ಗ್ರಾಫಿಕ್ಸ್ ಡ್ರೈವರ್ ಹಾಕದೆ ಕೊಟ್ಟಿದ್ದಾರೆ. (ಡ್ರೈವರ್ ಅಂದರೆ ಒಂದು ಸಾಧನವನ್ನು ವಿಂಡೋಸ್ ನಡೆಸಲು ಬೇಕಾದ ಸಣ್ಣ ಪ್ರೋಗ್ರಾಂ.) ವಿಂಡೋಸ್ ತನ್ನ ಬೇಸಿಕ್ ಡಿಸ್ಪ್ಲೇ ಡ್ರೈವರ್‌ನಲ್ಲಿ ಹೇಗೋ ದಿನ ದೂಡುತ್ತಿದೆ. ಸ್ಲೀಪ್ ತೊಂದರೆಗೆ ಫಾರ್ಮ್ಯಾಟ್ ಮದ್ದು ಎಂದುಕೊಂಡಿದ್ದೆವು. ಇಲ್ಲಿ ಫಾರ್ಮ್ಯಾಟೇ ತೊಂದರೆ ತಂದಿಟ್ಟಿದೆ. ನನಗೆ ನಿಜವಾಗಿ ಬೇಸರ ತರುವ ವಿಷಯ ಇದು.

ಶಟ್ ಡೌನ್ ಅಂದುಕೊಂಡದ್ದು ಶಟ್ ಡೌನ್ ಅಲ್ಲ

ನಿಮ್ಮಲ್ಲಿ ಬಹಳ ಜನ "ನಾವು ಸ್ಲೀಪ್ ಬಳಸೋದೇ ಇಲ್ರಿ, ದಿನಾ ಶಟ್ ಡೌನ್ ಮಾಡ್ತೀವಿ" ಅನ್ನುತ್ತೀರಿ. ಒಂದು ಪರೀಕ್ಷೆ ಮಾಡಿ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಕೆಳಗೆ ಅಪ್ ಟೈಮ್ ಎಂದು ಇರುತ್ತದೆ. ನಿನ್ನೆ ರಾತ್ರಿ ಬಂದ್ ಮಾಡಿ ಇವತ್ತು ಬೆಳಿಗ್ಗೆ ಹಚ್ಚಿದ ಕಂಪ್ಯೂಟರ್ ಎಷ್ಟೋ ದಿನದಿಂದ ಚಾಲೂ ಇದೆ ಎಂದು ಅದು ಹೇಳಬಹುದು.

ಅದಕ್ಕೆ ಕಾರಣ ಫಾಸ್ಟ್ ಸ್ಟಾರ್ಟಪ್. ಇದೂ ವಿಂಡೋಸ್ 8ರಲ್ಲಿ ಬಂದದ್ದು. ಶಟ್ ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ. ಆದರೆ ವಿಂಡೋಸಿನ ಒಳತಿರುಳು, ಡ್ರೈವರ್‌ಗಳ ಸಮೇತ, ಅದೇ ಹೈಬರ್ನೇಟ್ ಫೈಲಿಗೆ ಹೋಗಿ ಕೂರುತ್ತದೆ. ಬೆಳಿಗ್ಗೆ ಅಲ್ಲಿಂದಲೇ ವಾಪಸ್ ಬರುತ್ತದೆ. ಬೇಗ ಚಾಲೂ ಆಗಲಿ ಎಂದು ಮಾಡಿದ್ದು. ಹಾರ್ಡ್ ಡಿಸ್ಕ್ ಕಾಲದಲ್ಲಿ ಒಳ್ಳೆಯ ಉಪಾಯ ಆಗಿತ್ತು. ಈಗ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದವರಿಗೆ ಅದರಿಂದ ದೊಡ್ಡ ಲಾಭ ಏನೂ ಇಲ್ಲ ಎಂದು ನನ್ನ ಅನಿಸಿಕೆ.

ತೊಂದರೆ ಏನೆಂದರೆ, ಒಂದು ಡ್ರೈವರ್ ಕೆಟ್ಟ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಅದೇ ಸ್ಥಿತಿ ಮರುದಿನವೂ, ಅದರ ಮರುದಿನವೂ ಎದ್ದು ಬರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಹೀಗಾಗುವುದಿಲ್ಲ. ರೀಸ್ಟಾರ್ಟ್ ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ. "ಶಟ್ ಡೌನ್ ಮಾಡಿ ಹಚ್ಚಿದ್ರ ಹೋಗಲಿಲ್ಲ, ರೀಸ್ಟಾರ್ಟ್ ಮಾಡಿದ್ರ ಹೋತು" ಎಂದು ನೀವು ಕಂಡಿರಬಹುದು. ಕಾರಣ ಇದೇ. ಪೂರ್ತಿ ಬಂದ್ ಆಗಲೇಬೇಕು ಅಂದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್ ಡೌನ್ ಕೊಡಿ. ಯಾವಾಗಲೂ ಬೇಡ ಅಂದರೆ ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎಂಬ ಜಾಗದಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಟಿಕ್ ತಿಳಿಬೂದಿ ಬಣ್ಣದಲ್ಲಿ ಕೂತಿದ್ದರೆ, ಮೇಲೆ ಈಗ ಸಿಗದ ಸೆಟ್ಟಿಂಗ್ ಬದಲಿಸಿ ಎಂಬ ಇಂಗ್ಲಿಷ್ ಸಾಲು ಇರುತ್ತದೆ, ಅದನ್ನು ಮೊದಲು ಒತ್ತಬೇಕು. ಮೆನುವಿನಲ್ಲಿ ಹೈಬರ್ನೇಟ್ ಕಾಣುವಂತೆ ಮಾಡುವ ಟಿಕ್ ಕೂಡ ಅಲ್ಲೇ ಇದೆ.

ರ‍್ಯಾಮ್ ಬದಲಿಸುವುದು, ಡಿಸ್ಕ್ ಹಾಕುವುದು ಇದ್ದರೆ ಶಿಫ್ಟ್ ಒತ್ತಿಯೇ ಬಂದ್ ಮಾಡಿ. ಒಳಗಿನ ಸಾಮಾನು ಬದಲಾದ ಮೇಲೆ ಹಳೆಯ ಹೈಬರ್ನೇಟ್ ಫೈಲಿನಿಂದ ಏಳಲು ಹೋದರೆ ಎಡವಟ್ಟು ಖಂಡಿತ.

ಕಂಪ್ಯೂಟರ್ ಬರೆದಿಡುವ ದಿನಚರಿ

ಈಗ ಪತ್ತೆ ಕೆಲಸ. ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಸಾವಿರಾರು ಸಾಲು ಇರುತ್ತವೆ. ಕೆಂಪು, ಹಳದಿ ಗುರುತು ನೋಡಿ ಗಾಬರಿಯಾಗಬೇಡಿ. ಚೆನ್ನಾಗಿ ನಡೆಯುವ ಕಂಪ್ಯೂಟರ್‌ನಲ್ಲೂ ಅವು ಇರುತ್ತವೆ. ಬಲಗಡೆ ಫಿಲ್ಟರ್ ಎಂದಿದೆ. ಅಲ್ಲಿ 1, 41, 42, 107 ಎಂದು ಅಂಕಿ ಹಾಕಿ.

ಕರ್ನಲ್ ಪವರ್ ಎಂಬ ಹೆಸರಿನ ಜೊತೆ 42 ಇದ್ದರೆ, ಕಂಪ್ಯೂಟರ್ ಮಲಗಲು ಹೊರಟಿತು ಎಂದರ್ಥ. ಅದೇ ಹೆಸರಿನ ಜೊತೆ 107 ಇದ್ದರೆ ಎದ್ದಿತು. ಪವರ್ ಟ್ರಬಲ್‌ಶೂಟರ್ ಎಂಬ ಹೆಸರಿನ ಜೊತೆ 1 ಇದ್ದರೆ, ಯಾವಾಗ ಮಲಗಿತ್ತು, ಯಾವಾಗ ಎದ್ದಿತು, ಎಬ್ಬಿಸಿದ್ದು ಯಾರು ಎಂದೆಲ್ಲ ಬರೆದಿರುತ್ತದೆ. 41 ಇದ್ದರೆ ಕಂಪ್ಯೂಟರ್ ಸರಿಯಾಗಿ ಬಂದ್ ಆಗದೆ ಮತ್ತೆ ಚಾಲೂ ಆಗಿದೆ. ನೀವು ಬಟನ್ ಒತ್ತಿ ಹಿಡಿದಿದ್ದರೂ, ಕರೆಂಟ್ ಹೋಗಿದ್ದರೂ, ನೀಲಿ ಸ್ಕ್ರೀನ್ ಬಂದಿದ್ದರೂ 41 ಬೀಳುತ್ತದೆ. ಅದಕ್ಕೇ ಬರೀ 41 ನೋಡಿ ತೀರ್ಮಾನಕ್ಕೆ ಬರಬಾರದು.

42 ಆದ ಮೇಲೆ 1 ಅಥವಾ 107 ಇಲ್ಲದೆ ನೇರ 41 ಬಂದಿದ್ದರೆ, ಮಲಗಲು ಹೊರಟ ಗಳಿಗೆಯಿಂದ ಎದ್ದು ಕೂರುವ ಮುಂಚೆ ಎಲ್ಲೋ ಬಿದ್ದಿದೆ. 107 ಬಂದು ಸ್ವಲ್ಪ ಹೊತ್ತಿಗೆ 41 ಆಗಿದ್ದರೆ, ಎದ್ದ ಮೇಲೆ ಬಿದ್ದಿದೆ. 42 ಇಲ್ಲವೇ ಇಲ್ಲ, ಆದರೂ 41 ಇದೆ ಅಂದರೆ ಸ್ಲೀಪ್‌ಗೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಲ್ಯಾಪ್‌ಟಾಪ್ ಆದರೆ ಫಿಲ್ಟರ್‌ಗೆ 506, 507 ಕೂಡ ಸೇರಿಸಿ. 506 ಒಳಗೆ ಹೋದದ್ದು, 507 ಹೊರಗೆ ಬಂದದ್ದು.

41ರ ಮೇಲೆ ಎರಡು ಸಲ ಒತ್ತಿ, ಡೀಟೇಲ್ಸ್ ನೋಡಿ. ಬಗ್‌ಚೆಕ್ ಕೋಡ್ ಎಂಬ ಸಾಲು ಇದೆ. ಅಲ್ಲಿ ಸೊನ್ನೆ ಇದ್ದರೆ ವಿಂಡೋಸ್‌ಗೆ ದೋಷ ಬರೆದಿಡಲೂ ಸಮಯ ಸಿಕ್ಕಿಲ್ಲ. ಕರೆಂಟ್ ಹೋಗಿರಬಹುದು, ಇಲ್ಲವೇ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡಿರಬಹುದು. 159 ಇದ್ದರೆ ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. 160 ಇದ್ದರೆ ಇಂಟರ್ನಲ್ ಪವರ್ ಎರರ್, ಹೈಬರ್ನೇಟ್ ಫೈಲಿನ ಗೋಳಿನಲ್ಲಿ ಬರುವಂಥದ್ದು. ಅಲ್ಲೇ ಸ್ಲೀಪ್ ಇನ್ ಪ್ರೋಗ್ರೆಸ್ ಎಂಬ ಇನ್ನೊಂದು ಸಾಲು. ಬಿದ್ದಾಗ ಕಂಪ್ಯೂಟರ್ ಮಲಗುವ ಅಥವಾ ಏಳುವ ಕೆಲಸದಲ್ಲಿ ಇತ್ತೇ ಎಂದು ಅದು ಹೇಳುತ್ತದೆ. ಅಲ್ಲಿ ಸೊನ್ನೆ ಅಥವಾ ಫಾಲ್ಸ್ ಇಲ್ಲದೆ ಬೇರೇನಾದರೂ ಇದ್ದರೆ, ಅನುಮಾನ ಸ್ಲೀಪ್ ಮೇಲೆ ಗಟ್ಟಿಯಾಗುತ್ತದೆ.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಿಪೇರಿಯವರಿಗೆ ಚೀಟಿ ಕೊಟ್ಟರೆ ಮಾತು ಫಾರ್ಮ್ಯಾಟ್‌ನಿಂದ ಶುರುವಾಗುವುದಿಲ್ಲ.

ಮಲಗಲು ಹೋಗುವಾಗ

ಸ್ಲೀಪ್ ಕೊಟ್ಟಿರಿ. ಸ್ಕ್ರೀನ್ ಆರಿತು, ಆದರೆ ಫ್ಯಾನ್ ತಿರುಗುತ್ತಲೇ ಇದೆ. ಆಮೇಲೆ ಏನು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಇದು ಹೆಚ್ಚಾಗಿ ಡ್ರೈವರ್ ಕೆಲಸ.

ಮಲಗುವ ಮುಂಚೆ ವಿಂಡೋಸ್ ಒಳಗಿನ ಪ್ರತಿಯೊಂದು ಸಾಧನಕ್ಕೂ ಹೇಳಿ ಕಳಿಸುತ್ತದೆ. ಗ್ರಾಫಿಕ್ಸ್, ವೈಫೈ, ಬ್ಲೂಟೂತ್, ಯುಎಸ್‌ಬಿಗೆ ಚುಚ್ಚಿದ ಪ್ರಿಂಟರ್, ಬೆರಳಚ್ಚು ಯಂತ್ರ, ಎಲ್ಲಕ್ಕೂ. ಪ್ರತಿಯೊಂದೂ "ಆಯ್ತು" ಎಂದು ಉತ್ತರ ಕೊಡಬೇಕು. ಮದುವೆಗೆ ಹೊರಟ ಬಸ್ಸಿನ ಹಾಗೆ ಇದು. ಒಬ್ಬರು ಬರಲಿಲ್ಲ ಅಂದರೆ ಬಸ್ಸು ಬಿಡುವುದಿಲ್ಲ, ಉಳಿದವರೆಲ್ಲ ಹತ್ತಿ ಕೂತಿದ್ದರೂ. ವಿಂಡೋಸ್ ಕೆಲವು ನಿಮಿಷ ಕಾಯುತ್ತದೆ. ಉತ್ತರ ಬರದಿದ್ದರೆ 159 ಎಂದು ಬರೆದು ಕೈಬಿಡುತ್ತದೆ.

ಉತ್ತರ ಕೊಡದವರು ಯಾರು? ಸಿ ಡ್ರೈವಿನ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಎಂಬ ಫೋಲ್ಡರ್ ಇದೆ. ಬಿದ್ದ ಗಳಿಗೆಯ ಚಿತ್ರ ಅಲ್ಲಿ ಪುಟ್ಟ ಫೈಲಾಗಿ ಉಳಿದಿರುತ್ತದೆ. ಮೈಕ್ರೋಸಾಫ್ಟಿನ ವಿನ್‌ಡಿಬಿಜಿ ಎಂಬ ಪುಕ್ಕಟೆ ಸಾಧನದಲ್ಲಿ ಅದನ್ನು ತೆರೆದರೆ, ತಡೆದ ಡ್ರೈವರ್ ಹೆಸರು ಬಹಳ ಸಲ ಸಿಗುತ್ತದೆ. ಇದು ಸ್ವಲ್ಪ ಕಷ್ಟದ ದಾರಿ. ಸುಲಭದ ದಾರಿ ಬೇಕಾದರೆ ಯುಎಸ್‌ಬಿಗೆ ಚುಚ್ಚಿದ್ದೆಲ್ಲ ತೆಗೆಯಿರಿ, ಕೀಬೋರ್ಡ್ ಮೌಸ್ ಬಿಟ್ಟು. ಸ್ಲೀಪ್ ಕೊಡಿ. ಸರಿಯಾಗಿ ಮಲಗಿ ಎದ್ದರೆ ಒಂದೊಂದೇ ಚುಚ್ಚುತ್ತಾ ನೋಡಿ. ಅರ್ಜಿ ಹಾಕುವ ಅಂಗಡಿಗಳಲ್ಲಿ ಬೆರಳಚ್ಚು ಯಂತ್ರ, ಸ್ಕ್ಯಾನರ್, ಎರಡು ಪ್ರಿಂಟರ್ ಒಂದೇ ಕಂಪ್ಯೂಟರಿಗೆ ನೇತಾಡುತ್ತಿರುತ್ತವೆ. ಅಲ್ಲಿ ಮೊದಲು ನೋಡಬೇಕಾದ್ದು ಇದೇ.

ಡ್ರೈವರ್ ಎಲ್ಲಿಂದ ತರಬೇಕು ಎನ್ನುವುದೂ ದೊಡ್ಡ ಮಾತು. ಲ್ಯಾಪ್‌ಟಾಪ್ ಆದರೆ ಅದನ್ನು ಮಾಡಿದ ಕಂಪನಿಯ ತಾಣಕ್ಕೇ ಹೋಗಿ, ಮಾಡೆಲ್ ನಂಬರ್ ಹಾಕಿ, ಚಿಪ್‌ಸೆಟ್, ಗ್ರಾಫಿಕ್ಸ್, ವೈಫೈ ಡ್ರೈವರ್ ಇಳಿಸಿಕೊಳ್ಳಿ. ಚಿಪ್‌ಸೆಟ್ ಮರೆಯಬೇಡಿ. ಕರೆಂಟ್ ನಿರ್ವಹಣೆಯ ಬಹಳಷ್ಟು ಕೆಲಸ ಅದರ ಮೇಲೇ ನಿಂತಿದೆ. ಎಲ್ಲ ಡ್ರೈವರ್ ಒಂದೇ ಸಲ ಹಾಕಿಕೊಡುತ್ತೇವೆ ಅನ್ನುವ ಪ್ಯಾಕ್‌ಗಳ ತಂಟೆಗೆ ದಯವಿಟ್ಟು ಹೋಗಬೇಡಿ. ಸಂಬಂಧವಿಲ್ಲದ ಡ್ರೈವರ್ ಒಳಗೆ ಸೇರಿಸುವುದು ಅವುಗಳ ಚಾಳಿ. ಮೊನ್ನೆಯವರೆಗೆ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು ಅನ್ನುವವರು ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಮೇಲೆ ಒತ್ತಿ ರೋಲ್ ಬ್ಯಾಕ್ ಡ್ರೈವರ್ ಕೊಡಿ.

ಮಲಗಿದ್ದಾಗ

ಇದು ನಮ್ಮ ಕಡೆ ಬಹಳ. ಡೆಸ್ಕ್‌ಟಾಪ್ ಸ್ಲೀಪ್‌ನಲ್ಲಿದೆ, ಕರೆಂಟ್ ಹೋಯಿತು. ರ‍್ಯಾಮ್ ಖಾಲಿ. ವಾಪಸ್ ಬಂದು ನೋಡಿದರೆ ಕಂಪ್ಯೂಟರ್ ಮೊದಲಿನಿಂದ ಶುರುವಾಗುತ್ತದೆ. ದಿನಚರಿಯಲ್ಲಿ 42, ಆಮೇಲೆ ಬಗ್‌ಚೆಕ್ ಸೊನ್ನೆಯ 41. ಇಲ್ಲಿ ವಿಂಡೋಸ್ ತಪ್ಪು ಏನೂ ಇಲ್ಲ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ.

"ನಮ್ಮನ್ಯಾಗ ಇನ್ವರ್ಟರ್ ಐತಲ್ರಿ, ಮತ್ಯಾಕ ಹಿಂಗ?" ಎಂದು ಒಬ್ಬ ಅಣ್ಣ ಕೇಳಿದರು. ಒಳ್ಳೆಯ ಪ್ರಶ್ನೆ. ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಒಳಗಿನ ಪವರ್ ಸಪ್ಲೈ ಡಬ್ಬಿ, ಕರೆಂಟ್ ಇಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್, ಅಷ್ಟೇ. ಇನ್ವರ್ಟರ್ ಅಷ್ಟರೊಳಗೆ ಕೈ ಬದಲಿಸಬೇಕು. ಬಹಳ ಇನ್ವರ್ಟರ್‌ಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್ ಎಂದು, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್ ಎಂದು. ಇಕೋ ಇದ್ದರೆ ಫ್ಯಾನ್, ಬಲ್ಬಿಗೆ ಗೊತ್ತಾಗದಷ್ಟು ತಡ, ಆದರೆ ಕಂಪ್ಯೂಟರಿಗೆ ಅದು ಜಾಸ್ತಿಯೇ. ಮೊದಲು ಆ ಸ್ವಿಚ್ ನೋಡಿ. ಆದರೂ ಆಗುತ್ತಿದ್ದರೆ ಡೆಸ್ಕ್‌ಟಾಪಿಗೆ ಬೇರೆ ಯುಪಿಎಸ್ ಬೇಕು. ಅದರೊಳಗಿನ ಬ್ಯಾಟರಿ ಹಳತಾದರೆ ಯುಪಿಎಸ್ ಇದ್ದೂ ಇಲ್ಲದಂತೆ.

ಡೆಸ್ಕ್‌ಟಾಪಿಗೆ ಇನ್ನೊಂದು ಉಪಾಯ ಹೈಬ್ರಿಡ್ ಸ್ಲೀಪ್. ವಿಂಡೋಸ್ ವಿಸ್ತಾ ಕಾಲದಿಂದ ಇದೆ. ರ‍್ಯಾಮ್‌ನಲ್ಲೂ ಇಟ್ಟುಕೊಂಡು, ಡಿಸ್ಕಿಗೂ ಬರೆದು ಮಲಗುತ್ತದೆ. ಕರೆಂಟ್ ಇದ್ದರೆ ರ‍್ಯಾಮ್‌ನಿಂದ ಬೇಗ ಏಳುತ್ತದೆ. ಹೋಗಿದ್ದರೆ ಡಿಸ್ಕಿನಿಂದ ನಿಧಾನ ಏಳುತ್ತದೆ. ಕೆಲಸ ಹೋಗುವುದಿಲ್ಲ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಕೆಳಗೆ ಇದೆ. ಹೈಬರ್ನೇಟ್ ಫೈಲ್ ತೆಗೆಸಿದವರಿಗೆ ಇದು ಸಿಗುವುದಿಲ್ಲ.

ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಆಧಾರ. ಬ್ಯಾಟರಿ ತಳ ಮುಟ್ಟುವಾಗ ತಾನೇ ಹೈಬರ್ನೇಟ್ ಆಗಿ ಉಳಿಸಿಕೊಳ್ಳಬೇಕು. ಹೈಬರ್ನೇಟ್ ತೆಗೆದಿದ್ದರೆ ಅದಕ್ಕೂ ದಾರಿ ಇಲ್ಲ. ಹಳೆಯ ಬ್ಯಾಟರಿಯದು ಇನ್ನೊಂದು ಸಂಕಟ. 20% ತೋರಿಸುತ್ತಿದ್ದದ್ದು ಒಮ್ಮೆಲೇ ಆರಿಹೋಗುತ್ತದೆ, ಬರೆದಿಡಲು ಸಮಯವೇ ಸಿಗುವುದಿಲ್ಲ. ಆ ಹಿಂದಿನ ಕಮಾಂಡಿನಲ್ಲೇ ಸ್ಲ್ಯಾಶ್ ಎ ಬದಲು ಸ್ಲ್ಯಾಶ್ ಬ್ಯಾಟರಿ ರಿಪೋರ್ಟ್ ಎಂದು, ಎರಡೂ ಪದ ಕೂಡಿಸಿ, ಕೊಡಿ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಬರುತ್ತದೆ.

ಒಬ್ಬ ಅಕ್ಕ, ಶಿಕ್ಷಕಿ, ಕೇಳಿದರು: "ಮುಚ್ಚಿ ಬ್ಯಾಗಿನ್ಯಾಗ ಇಟ್ಟ ಲ್ಯಾಪ್‌ಟಾಪ್ ಮನಿಗೆ ಹೋಗಿ ತೆಗೆದ್ರ ಹೆಂಚಿನಂಗ ಕಾದಿರತೈತ್ರಿ. ಬ್ಯಾಟರಿನೂ ಖಾಲಿ." ಇದು ಮಾಡರ್ನ್ ಸ್ಟ್ಯಾಂಡ್‌ಬೈ ಲ್ಯಾಪ್‌ಟಾಪ್‌ಗಳಲ್ಲಿ ಬರುವ ತೊಂದರೆ. ಮುಚ್ಚಿದ್ದರೂ ಅದು ಎಚ್ಚರ ಇದೆ. ಯಾವುದೋ ಒಂದು ಪ್ರೋಗ್ರಾಂ ಅಥವಾ ಸಾಧನ ಕೆಲಸ ಶುರು ಮಾಡಿಕೊಂಡಿದೆ. ಬ್ಯಾಗಿನಲ್ಲಿ ಗಾಳಿ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹೊರಗೇ 40 ಡಿಗ್ರಿ. ಕಾದು ಕಾದು ಕೊನೆಗೆ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಅದೇ ಕಮಾಂಡಿಗೆ ಸ್ಲ್ಯಾಶ್ ಸ್ಲೀಪ್ ಸ್ಟಡಿ, ಇದೂ ಕೂಡಿಸಿಯೇ, ಎಂದು ಕೊಟ್ಟರೆ, ಮುಚ್ಚಿದ್ದಾಗ ಯಾವುದು ಎಚ್ಚರವಾಗಿತ್ತು ಎಂಬ ವರದಿ ಬರುತ್ತದೆ. ಇದಕ್ಕೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ನನ್ನ ಸಲಹೆ ನೇರ ಇದೆ. ಮುಚ್ಚಿದರೆ ಹೈಬರ್ನೇಟ್ ಆಗಲಿ ಎಂದು ಸೆಟ್ಟಿಂಗ್ ಬದಲಿಸಿ. ತೆಗೆದಾಗ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ. ಬ್ಯಾಗಿನಲ್ಲಿ ಬೇಯುವುದಕ್ಕಿಂತ ಅದು ಒಳ್ಳೆಯದು ಅಲ್ವಾ? ರಿಜಿಸ್ಟ್ರಿ, ಅಂದರೆ ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಕಣಜ, ಬದಲಿಸಿ ಹಳೆಯ ಎಸ್3 ತರಿಸುತ್ತೇವೆ ಅನ್ನುವ ವಿಡಿಯೋಗಳಿವೆ. ಕೆಲವು ಯಂತ್ರಗಳು ಆಮೇಲೆ ಏಳುವುದೇ ಇಲ್ಲ. ಅದನ್ನು ಮಾಡಬೇಡಿ.

ತಾನಾಗಿ ಏಳುವ ಕಂಪ್ಯೂಟರ್ ಬಗ್ಗೆ ರಬಕವಿ ಬನಹಟ್ಟಿಯಿಂದ ಬಂದವರು ಕೇಳಿದರು. ಅವರ ಕೋಣೆಯ ಪಕ್ಕದಲ್ಲೇ ಪವರ್‌ಲೂಮ್. ನೆಲ ಅದುರಿ ಮೌಸ್ ಒಂದಿಷ್ಟು ಅಲುಗಿದರೂ ಕಂಪ್ಯೂಟರ್ ಏಳಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮೇಲೆ ಒತ್ತಿ, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಬ್ಬಿಸುವ ಅನುಮತಿಯ ಟಿಕ್ ತೆಗೆಯಿರಿ. ಕೀಬೋರ್ಡಿಗೆ ಬಿಟ್ಟಿರಲಿ. ಎಬ್ಬಿಸಿದ್ದು ಮೌಸೇ ಹೌದಾ ಎಂದು ತಿಳಿಯಲು ಅದೇ ಕಮಾಂಡಿಗೆ ಸ್ಲ್ಯಾಶ್ ಲಾಸ್ಟ್ ವೇಕ್, ಕೂಡಿಸಿ ಬರೆದು, ಕೇಳಿ.

ಏಳುವಾಗ

ಫ್ಯಾನ್ ತಿರುಗಿತು, ಲೈಟ್ ಬಂತು, ಸ್ಕ್ರೀನ್ ಕಪ್ಪು. ಇಲ್ಲಿ ಬಟನ್ ಒತ್ತಿ ಹಿಡಿಯುವ ಮುಂಚೆ ದಯವಿಟ್ಟು ಒಂದು ನೋಡಿ. ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಬದುಕಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಎಷ್ಟೋ ಸಲ ಸ್ಕ್ರೀನ್ ವಾಪಸ್ ಬರುತ್ತದೆ, ನಿಮ್ಮ ಕೆಲಸವೂ ಉಳಿಯುತ್ತದೆ. ಈ ನಾಲ್ಕು ಕೀ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಕ್ಯಾಪ್ಸ್ ಲಾಕ್ ಲೈಟ್ ಅಲ್ಲಾಡುವುದಿಲ್ಲ ಅಂದರೆ ಇಡೀ ಯಂತ್ರ ಸಿಕ್ಕಿಕೊಂಡಿದೆ. ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಚಾಲೂ ಮಾಡುವ ಬೋರ್ಡಿನೊಳಗಿನ ಪ್ರೋಗ್ರಾಂ, ಹಳೆಯದಿರಬಹುದು. ಎಬ್ಬಿಸುವ ಮೊದಲ ಹೆಜ್ಜೆ ಬಯೋಸ್‌ದೇ, ವಿಂಡೋಸ್ ಆಮೇಲೆ ಬರುತ್ತದೆ. ಬಯೋಸ್ ಅಪ್‌ಡೇಟ್ ಮಾಡುವುದಾದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಹೊಸ ರ‍್ಯಾಮ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಅದನ್ನು ತೆಗೆದು ನೋಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಹಾಕಿ ರ‍್ಯಾಮ್ ವೇಗ ಏರಿಸಿದ್ದರೆ ಇಳಿಸಿ. ರನ್ ಎಂಬಲ್ಲಿ ಎಂಡಿಸ್ಕೆಡ್, ಅಂದರೆ ಎಂ, ಡಿ, ಎಸ್, ಸಿ, ಎಚ್, ಇ, ಡಿ, ಎಂದು ಕೊಟ್ಟರೆ ವಿಂಡೋಸೇ ರ‍್ಯಾಮ್ ಪರೀಕ್ಷೆ ಮಾಡುತ್ತದೆ.

ಸ್ಲೀಪ್‌ನಿಂದ ಚೆನ್ನಾಗಿ ಏಳುತ್ತದೆ, ಹೈಬರ್ನೇಟ್‌ನಿಂದ ಮಾತ್ರ ಏಳುವುದಿಲ್ಲ ಅಂದರೆ ಅನುಮಾನ ಡಿಸ್ಕಿನ ಮೇಲೆ. ಫೈಲ್ ಕೆಟ್ಟಿರಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಅದೇ ಕಮಾಂಡಿಗೆ ಸ್ಲ್ಯಾಶ್ ಎಚ್ ಆಫ್ ಕೊಟ್ಟು, ರೀಸ್ಟಾರ್ಟ್ ಮಾಡಿ, ಸ್ಲ್ಯಾಶ್ ಎಚ್ ಆನ್ ಕೊಡಿ. ಹಳೆಯ ಫೈಲ್ ಅಳಿದು ಹೊಸದು ಹುಟ್ಟುತ್ತದೆ. ಮತ್ತೆ ಮತ್ತೆ ಹಾಗೇ ಆದರೆ ಡಿಸ್ಕೇ ಸವೆಯುತ್ತಿದೆ ಎಂದು ತಿಳಿದು, ಮೊದಲು ನಿಮ್ಮ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಪರೀಕ್ಷೆ ಆಮೇಲೆ.

ಕೊನೆಗೆ ಬಂದ ಎರಡು ಪ್ರಶ್ನೆ

ಒಬ್ಬ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದಾನೆ. ಉಬುಂಟುವಿನಲ್ಲಿ ಸಿ ಡ್ರೈವ್ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. ಕಾರಣ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ ಆ ಡ್ರೈವನ್ನು ಬಿಟ್ಟು ಹೋಗಿಲ್ಲ, ಅರ್ಧ ಹಿಡಿದುಕೊಂಡೇ ಮಲಗಿದೆ. ಒತ್ತಾಯ ಮಾಡಿ ಬರೆದರೆ ಫೈಲುಗಳು ಕೆಡುತ್ತವೆ. ಎರಡು ವ್ಯವಸ್ಥೆ ಇಟ್ಟುಕೊಂಡವರು ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಉಬುಂಟುವಿನಲ್ಲೇ ಹೈಬರ್ನೇಟ್ ಬೇಕು ಅಂದರೆ ಅದು ಡಿಸ್ಕಿನಲ್ಲಿ ಎತ್ತಿಡುವ ಸ್ವಾಪ್ ಜಾಗ ಸಾಕಷ್ಟು ದೊಡ್ಡದಿರಬೇಕು, ರ‍್ಯಾಮ್‌ನಷ್ಟಾದರೂ ಇಟ್ಟರೆ ನಿಶ್ಚಿಂತೆ. ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಚಾಲೂ ಆಗಲು ಬಿಡುವ ಬಯೋಸ್ ಕಾವಲು, ಇದ್ದರೆ ಬಹಳ ಸಲ ಹೈಬರ್ನೇಟ್ ಸಿಗುವುದಿಲ್ಲ.

ಇನ್ನೊಂದು: "ಸರಿ ಆತು ಅಂತ ಹೆಂಗ ಗೊತ್ತಾಗಬೇಕ್ರಿ?" ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್, ಬಯೋಸ್, ಸೆಟ್ಟಿಂಗ್ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಬದಲಿಸಿದ ಮೇಲೆ ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು, ಸೇವ್ ಮಾಡದೆ ಬಿಟ್ಟು, ಸ್ಲೀಪ್ ಕೊಡಿ. ಒಂದು ನಿಮಿಷಕ್ಕೆ ಎಬ್ಬಿಸಿ ನೋಡಿ. ಅಷ್ಟಕ್ಕೇ ನಂಬಬೇಡಿ. ಸ್ವಲ್ಪ ಹೊತ್ತು ಮಲಗಿ ಎದ್ದದ್ದು ಇಡೀ ರಾತ್ರಿ ಮಲಗಿ ಏಳಬೇಕೆಂದಿಲ್ಲ, ಯಾಕೆಂದರೆ ಕೆಲವು ಗಂಟೆ ಆದ ಮೇಲೆ ಸ್ಲೀಪ್ ತಾನಾಗಿ ಹೈಬರ್ನೇಟ್‌ಗೆ ತಿರುಗುವಂತೆ ಸೆಟ್ಟಿಂಗ್ ಇರಬಹುದು. ಅದಕ್ಕೆ ರಾತ್ರಿ ಹಾಗೇ ಬಿಡಿ. ಹೈಬರ್ನೇಟ್ ಬೇರೆಯಾಗಿ ಕೊಟ್ಟು ನೋಡಿ. ಬ್ಯಾಟರಿ ಮೇಲೆ ಒಮ್ಮೆ, ಚಾರ್ಜರ್ ಹಚ್ಚಿ ಒಮ್ಮೆ. ಬೆಳಿಗ್ಗೆ ಎದ್ದ ಮೇಲೆ ಇವೆಂಟ್ ವ್ಯೂವರ್ ತೆರೆಯಿರಿ. 42ರ ಎದುರಿಗೆ 107 ಇದ್ದು, ಹೊಸ 41 ಬಿದ್ದಿಲ್ಲ ಅಂದರೆ ಆ ರಾತ್ರಿಯ ಮಟ್ಟಿಗೆ ಸರಿಯಾಗಿದೆ. ಒಂದು ವಾರ ಹೀಗೇ ನೋಡಿ, ಆಮೇಲೆ ಮುಂದಿನ ಬದಲಾವಣೆ ಬೇಕಾ ಬೇಡವಾ ಎಂದು ತೀರ್ಮಾನ ಮಾಡಿ.